ಹೆಲ್ಮೆಟ್ ಬಿಚ್ಚುವ ಮರ್ಯಾದೆ

ಕಿರ್ಬಿ ಫಾಲ್ಸ್, ಮಿನ್ನೆಸೋಟ
ಅಕ್ಟೋಬರ್ 9

ಪ್ರೀತಿಯ ಡಾರ್ಲೀನ್,

ಮಂಗಳವಾರ ನಿನ್ನ ಯಜಮಾನರ ಭಾಷಣ ಕೇಳಿದೆ. (ಯಜಮಾನರು ಎಂದದ್ದು ಸಂಬಳ ಕೊಡುವವರು ಎಂಬ ಅರ್ಥದಲ್ಲಿ. ನಿನ್ನ ಗಂಡ, ಪುಣ್ಯಾತ್ಮ, ಬದುಕಿದ್ದಾಗಲೂ ಇಷ್ಟು ಮಾತಾಡಿದವನಲ್ಲ.) ಭಾಷಣ ಭೀಷಣವಾಗಿತ್ತು. "ಕಡಲಾಚೆಯ ಆ ಜನರಲ್ ತನ್ನದೇ ಜನರ ಬಂದರಿನ ಊರಿನ ಮೇಲೆ ಇನ್ನೊಂದು ಶೆಲ್ ಹಾಕಿ ನೋಡಲಿ, ನಾವು ಗವಸು ಕಳಚುತ್ತೇವೆ" ಎಂದು ದೇಶದ ಅಧ್ಯಕ್ಷರು ಮೇಜು ಗುದ್ದಿದರು. ಮೇಜಿಗೆ ಏಟಾಯಿತು. ಜನರಲ್‌ಗೆ ಏನೂ ಆದಂತಿಲ್ಲ.

ಗವಸು ಕಳಚುವುದು, ಅಂದರೆ ಬರಿಗೈಯಲ್ಲಿ ಗುದ್ದಾಟಕ್ಕೆ ನಿಲ್ಲುವುದು, ಐಸ್ ಹಾಕಿಯವರ ಮಾತು. ಹನ್ನೊಂದು ವರ್ಷ ನಾನು ಅದರಲ್ಲೇ ಹೊಟ್ಟೆ ಹೊರೆದವನು. ಗೋಲು ಹೊಡೆಯುವುದಕ್ಕಲ್ಲ, ಗೋಲು ಹೊಡೆಯುವವರನ್ನು ಯಾರಾದರೂ ಮುಟ್ಟಿದರೆ ಅವರಿಗೆ ಹೊಡೆಯುವುದಕ್ಕೆ ನನ್ನನ್ನು ಇಟ್ಟುಕೊಂಡಿದ್ದರು. ಒಟ್ಟು ಇನ್ನೂರ ಹದಿನಾಲ್ಕು ಹೊಡೆದಾಟ. ಬಾಯಲ್ಲಿರುವ ಒಂಬತ್ತು ಹಲ್ಲು ಸ್ವಂತದ್ದಲ್ಲ, ಮೂಗು ಎರಡೂ ಪಕ್ಷಕ್ಕೆ ಮತ ಹಾಕುತ್ತದೆ. ಅಷ್ಟು ಹೊಡೆದಾಟದಲ್ಲಿ ನಾನಾಡಿದ ಮಾತು ಒಂದೇ: "ಬರ್ತೀಯಾ?" ಅವನು ತಲೆಯಾಡಿಸಿದ ಮೇಲೆ ಮಾತಿಲ್ಲ. ಗವಸು ಬಿಸಾಡಿದವನು ಹೊಡೆಯಲೇಬೇಕು. ಬಿಸಾಡಿ ಸುಮ್ಮನೆ ನಿಂತನೋ, ಅವನನ್ನು ನಂಬಿಕೊಂಡ ಸಣ್ಣ ಆಳುಗಳು ಆ ಸಂಜೆಯೆಲ್ಲ ಏಟು ತಿನ್ನುತ್ತಾರೆ.

ಇದನ್ನೇ ಈ ವಾರದ 'ಸೆಂಟಿನೆಲ್' ಪತ್ರಿಕೆಯ ನನ್ನ ಅಂಕಣದಲ್ಲಿ ಬರೆದಿದ್ದೇನೆ. ಕತ್ತರಿಸಿ ಜೊತೆಗಿಟ್ಟಿದ್ದೇನೆ. ತಲೆಬರಹ, "ಮೊದಲು ಹೆಲ್ಮೆಟ್ ಬಿಚ್ಚಿ ಸ್ವಾಮಿ." ನಿನಗೆ ನೆನಪಿರಬೇಕು, ಎದುರಾಳಿಯ ಗೆಣ್ಣು ಮುರಿಯಬಾರದೆಂದು ಹೊಡೆದಾಟಕ್ಕೆ ಮುಂಚೆ ನಾವು ಹೆಲ್ಮೆಟ್ ಬಿಚ್ಚಿ ಐಸ್ ಮೇಲಿಡುತ್ತಿದ್ದೆವು. ನಿಯಮದಲ್ಲಿ ಅದಕ್ಕೆ ಶಿಕ್ಷೆ, ಹಳಬರಲ್ಲಿ ಅದೇ ಮರ್ಯಾದೆ. ನನಗೂ ಏಟು ಬೀಳಬಹುದು ಎಂದು ಒಪ್ಪಿಕೊಂಡವನಿಗೆ ಮಾತ್ರ 'ಹೊಡೀತೀನಿ' ಎನ್ನುವ ಹಕ್ಕು. ನಿಮ್ಮವರು ಹೆಲ್ಮೆಟ್ ಮೇಲೆ ಹೆಲ್ಮೆಟ್ ಹಾಕಿಕೊಂಡು ಇನ್ನೊಬ್ಬರ ಗವಸು ಕಳಚುತ್ತಾರೆ. ಸಂಪ್ರದಾಯಸ್ಥ ಎಂದು ನನ್ನನ್ನು ಬೈಯುತ್ತೀಯಲ್ಲ, ನನ್ನ ಸಂಪ್ರದಾಯ ಇಷ್ಟೇ: ದೊಡ್ಡ ದೇಶ ಕಡಿಮೆ ಮಾತಾಡಬೇಕು, ಆಡಿದ್ದನ್ನು ಮಾಡಬೇಕು.

ಆ ಸಾಲು ಬರೆದವನು ಯಾರೇ? ಜನ್ಮದಲ್ಲಿ ಮೂಗಿನಿಂದ ರಕ್ತ ಬರದ ಯಾವುದೋ ದೊಡ್ಡ ಕಾಲೇಜಿನ ಹುಡುಗ ಇರಬೇಕು. ನನ್ನ ಅಭಿನಂದನೆ ತಿಳಿಸು.

ನಿನ್ನ ಮಗ ವೆಸ್ ಚೆನ್ನಾಗಿದ್ದಾನೆ. ನಾನು ಕೋಚ್ ಆಗಿರುವ ಟೀಮಿನಲ್ಲಿ ಲೆಫ್ಟ್ ವಿಂಗ್ ಆಡುತ್ತಾನೆ, ಅಂದರೆ ಎಡಪಂಥ. ತಾಯಿಯಿಂದ ಬಂದ ಕಾಯಿಲೆ, ಏನು ಮಾಡುವುದು. ಆರು ಪಂದ್ಯದಲ್ಲಿ ಐದು ಗೋಲು. ಊಟಕ್ಕೆ ಕೂತರೆ ಅರ್ಧ ಹಂದಿ ಮಾಯ.

ನಿನ್ನ ಅಣ್ಣ ಸ್ಟಾನ್


ವಾಷಿಂಗ್ಟನ್
ಅಕ್ಟೋಬರ್ 17

ಸ್ಟಾನ್,

ಇನ್ನು ಮುಂದೆ ಹೀಗೇ ಕಾಗದದಲ್ಲೇ ಬರೆ. ಆಫೀಸಿನ ಕಂಪ್ಯೂಟರಿಗೆ ಬಂದದ್ದೆಲ್ಲ ಸರ್ಕಾರದ ದಾಖಲೆಯಾಗುತ್ತದೆ. ಇನ್ನು ಐವತ್ತು ವರ್ಷದ ಮೇಲೆ ಯಾರೋ ಸಂಶೋಧಕ ನಮ್ಮ ಜಗಳಕ್ಕೆ ಅಡಿಟಿಪ್ಪಣಿ ಬರೆಯುವುದು ಬೇಡ.

ಅಂಕಣ ಓದಿದೆ. ನಗು ಬಂತು, ಆಮೇಲೆ ಸಿಟ್ಟು ಬಂತು. ನಿನ್ನ ಪಕ್ಷದವರು ಎರಡು ವರ್ಷದಿಂದ ನಮ್ಮವರನ್ನು 'ಮೆತ್ತಗಿನವರು, ಮೇಷ್ಟ್ರು, ಬೆನ್ನುಮೂಳೆ ಇಲ್ಲದವರು' ಎಂದು ಕರೆದರು. ಗಟ್ಟಿಯಾಗಿ ಮಾತಾಡಿದರೆ ಈಗ ಅದೂ ತಪ್ಪು. ಇವರು ಏನು ಮಾಡಬೇಕಿತ್ತು, ನಿನ್ನನ್ನು ಕೇಳಿ ಕೆಮ್ಮಬೇಕಿತ್ತಾ?

ಸಾಲು ಬರೆದವರು ಯಾರು ಎಂಬುದು ಮುಖ್ಯವಲ್ಲ. ಭಾಷಣ ಬರೆಯುವ ಕೋಣೆಯಲ್ಲಿ ಏಳು ಜನ ಇದ್ದೇವೆ, ಎಲ್ಲ ಸಾಲೂ ಎಲ್ಲರದ್ದು.

ಭಾನುವಾರ ವೆಸ್ ಫೋನ್ ಮಾಡಿದ್ದ. ಟೀಮಿನಲ್ಲಿ ಎಲ್ಲರೂ ಅವನನ್ನು 'ಪ್ರೆಸಿಡೆಂಟ್' ಎಂದು ಕರೆಯುತ್ತಾರಂತೆ. ನಿಜ ಹೇಳುತ್ತೇನೆ ಸ್ಟಾನ್, ಕಣ್ಣು ಒದ್ದೆಯಾಯಿತು. ಆ ಗಣಿ ಊರಿನಲ್ಲಿ, ಮನೆಮನೆಯ ಮುಂದೆ ನಿಮ್ಮ ಪಕ್ಷದ ಬೋರ್ಡು ನೆಟ್ಟಿರುವಲ್ಲಿ, ಅಮ್ಮನ ಕೆಲಸದ ಹೆಸರಿನಲ್ಲಿ ನನ್ನ ಮಗನನ್ನು ಗೌರವಿಸುತ್ತಾರಲ್ಲ.

ಆಗಸ್ಟಿನಲ್ಲಿ ನಿನ್ನ ಅಡುಗೆಮನೆಯಲ್ಲಿ ಕೊಟ್ಟ ಮಾತು ನೆನಪಿದೆ ತಾನೆ? ಅವನು ಗೋಲು ಹೊಡೆಯಲಿ, ಮನುಷ್ಯರನ್ನು ಹೊಡೆಯುವುದು ಬೇಡ. ಹೊಡೆದಾಟಕ್ಕೆ ಕಳಿಸುವುದಿಲ್ಲ ಎಂದಿದ್ದೀಯ. ಅದೊಂದು ಮಾತಿನ ಮೇಲೆ ಅವನನ್ನು ನಿನ್ನ ಮನೆಯಲ್ಲಿ ಬಿಟ್ಟು ಬಂದಿದ್ದೇನೆ.

ಡಾರ್ಲೀನ್


ಕಿರ್ಬಿ ಫಾಲ್ಸ್
ಅಕ್ಟೋಬರ್ 28

ಪ್ರೀತಿಯ ಡಾರ್ಲೀನ್,

ಜನರಲ್ ಶೆಲ್ ಹಾಕಿದ. ಮೀನು ಮಾರುಕಟ್ಟೆಯಲ್ಲಿ ಮೂವತ್ತೊಂದು ಹೆಣ. ನಿಮ್ಮವರು ಗವಸು ಕಳಚಿದರು, ಮಡಿಸಿದರು, ಜೇಬಿಗೆ ಹಾಕಿಕೊಂಡರು. ಕೈಗೆ ಗಾಳಿಯಾದರೂ ಆಡಿರಬಹುದು. ನಿನ್ನೆಯ ಎರಡನೆಯ ಭಾಷಣದಲ್ಲಿ, "ನಮ್ಮ ತಾಳ್ಮೆ ಪರೀಕ್ಷಿಸಬೇಡಿ" ಅಂದರು. ಆತ ಪರೀಕ್ಷಿಸಿಯಾಗಿದೆ, ತಾಳ್ಮೆ ನೂರಕ್ಕೆ ನೂರು ತೆಗೆದು ಪಾಸಾಗಿದೆ.

ಮೆತ್ತಗಿನವರು ಎಂದು ನಾನು ಯಾವತ್ತೂ ಬೈದಿಲ್ಲ. ಮೆತ್ತಗಿನವನು ಮೆತ್ತಗೆ ಮಾತಾಡಿದರೆ ನನ್ನ ತಕರಾರಿಲ್ಲ. ಗಡಸು ಮಾತಿನ ಬಾಡಿಗೆ ಅಂಗಿ ತೊಟ್ಟವನನ್ನು ಕಂಡರೆ ಮೈ ಉರಿಯುತ್ತದೆ. ನೀವು ಹೋಗಿ ಯುದ್ಧ ಮಾಡಿ ಎಂದೂ ಹೇಳುತ್ತಿಲ್ಲ. ಮಾಡುವ ಮನಸ್ಸಿಲ್ಲದಿದ್ದರೆ ಆ ಊರಿನವರಿಗೆ ಆಸೆ ತೋರಿಸಬೇಡಿ, ಅಷ್ಟೇ.

ವೆಸ್ ಮಾತು. ಗುರುವಾರ ಎದುರು ಟೀಮಿನ ಒಬ್ಬ ಕೋಲಿನಿಂದ ಅವನ ಮಣಿಕಟ್ಟಿಗೆ ಬಾರಿಸಿದ. ವೆಸ್ ಇಡೀ ಅಂಗಳಕ್ಕೆ ಕೇಳುವ ಹಾಗೆ ಕೂಗಿದ, "ಇರು, ನಿನ್ನ ಹಲ್ಲು ಉದುರಿಸಿ ಕೈಗೆ ಕೊಡ್ತೀನಿ!" ಆಮೇಲೆ ಪಂದ್ಯ ಮುಗಿಯುವ ತನಕ ಅವನ ಹತ್ತಿರ ಸುಳಿಯಲಿಲ್ಲ. ಬಟ್ಟೆ ಬದಲಿಸುವ ಕೋಣೆಯಲ್ಲಿ ಎಲ್ಲ ಸೇರಿ ಸ್ವಲ್ಪ ಕಾಡಿಸಿದೆವು. ಅದೇ ಪಂದ್ಯದಲ್ಲಿ ನಮ್ಮ ಇನ್ನೊಬ್ಬನ ಹುಬ್ಬು ಸೀಳಿ ಹನ್ನೆರಡು ಹೊಲಿಗೆ ಬಿತ್ತು, ಆ ರಕ್ತವನ್ನು ಐಸ್ ಉಜ್ಜುವ ಗಾಡಿ ಎರಡು ಸುತ್ತು ಬಂದರೂ ತೆಗೆಯಲಾಗಲಿಲ್ಲ. ನಿನ್ನ ಮಗನಿಗೆ ಗೀರೂ ಇಲ್ಲ.

ಹೆಸರಿನ ವಿಚಾರ. ಹೌದು, ಹಾಗೇ ಕರೆಯುತ್ತಾರೆ. ಅವನಿಗೆ ಚೆನ್ನಾಗಿ ಹೊಂದುತ್ತದೆ.

ಸ್ಟಾನ್


ವಾಷಿಂಗ್ಟನ್
ನವೆಂಬರ್ 8

ಸ್ಟಾನ್,

ಬಂದರಿನ ಊರಿನ ಚಿತ್ರಗಳು ನಿಮ್ಮ ಪತ್ರಿಕೆಯ ತನಕ ಬಂದಿರಲಿಕ್ಕಿಲ್ಲ. ನಮ್ಮ ಮೇಜಿನ ಮೇಲೆ ಬರುತ್ತವೆ. ಶುಕ್ರವಾರ ಆ ಜನ ಬೀದಿಗಿಳಿದರು. ಹಾಸಿಗೆಯ ಬಟ್ಟೆಗಳ ಮೇಲೆ ಬಣ್ಣದಲ್ಲಿ ಗವಸು ಬರೆದು, ಅದರ ಕೆಳಗೆ ನಮ್ಮ ಅಧ್ಯಕ್ಷರ ಸಾಲನ್ನು ಅವರ ಭಾಷೆಯಲ್ಲಿ ಬರೆದು ಎತ್ತಿ ಹಿಡಿದಿದ್ದರು. ಸೈನಿಕರು ಎರಡೂ ಕಡೆಯಿಂದ ಗುಂಡು ಹಾರಿಸಿದರು. ಒಬ್ಬ ಹೆಂಗಸು ಅದೇ ಬಟ್ಟೆಯಲ್ಲಿ ಮಗುವನ್ನು ಸುತ್ತಿಕೊಂಡು ಕೂತಿದ್ದಾಳೆ. ಗವಸಿನ ಚಿತ್ರ ಮಗುವಿನ ಹೊಟ್ಟೆಯ ಮೇಲೆ ಬಂದಿದೆ, ಯಾವುದು ಬಣ್ಣ ಯಾವುದು ರಕ್ತ ಎಂದು ತಿಳಿಯುವುದಿಲ್ಲ.

ಈಗ ದಯವಿಟ್ಟು ಒಂದು ತಮಾಷೆ ಮಾಡು ನೋಡೋಣ.

ಇನ್ನೊಂದು ಕೇಳಬೇಕು. ನಿನ್ನೆ ವೆಸ್ ಫೋನಿನಲ್ಲಿ, "ಅಮ್ಮಾ, ಸ್ಟಾನ್ ಮಾಮ ಒಂದೇ ಕೈಲಿ ಹೆಲ್ಮೆಟ್ ಪಟ್ಟಿ ಬಿಚ್ತಿದ್ರಂತಲ್ಲ, ಹೇಗೆ? ನೀನು ನೋಡಿದ್ದೀಯಾ?" ಎಂದ. ಯಾಕೋ ಎಂದರೆ, "ಸುಮ್ನೆ" ಎಂದ. ಅವನು ಸುಮ್ಮನೆ ಏನನ್ನೂ ಕೇಳುವವನಲ್ಲ. ಧ್ವನಿಯೂ ಬೇರೆಯಾಗಿತ್ತು. ಏನು ನಡೆಯುತ್ತಿದೆ?

ಡಾ.


ಕಿರ್ಬಿ ಫಾಲ್ಸ್
ನವೆಂಬರ್ 14

ಡಾರ್ಲೀನ್,

ತಮಾಷೆ ಮಾಡುವುದಿಲ್ಲ. ಅವರ ಸಾವು ಆ ಜನರಲ್‌ನ ಕೆಲಸ. ಅವರನ್ನು ಬೀದಿಗೆ ಕರೆದದ್ದು ಆ ಸಾಲು. ಈ ವಾರ ಅಷ್ಟನ್ನೇ ಬರೆದೆ.

ವೆಸ್ ಬಗ್ಗೆ ಚಿಂತೆ ಬೇಡ. ಹದಿನೆಂಟರ ಹುಡುಗನಿಗೆ ಮಾಮನ ಹಳೆ ಕಥೆಗಳ ಚಪಲ. ಗ್ಯಾರೇಜಿನಲ್ಲಿ ನಾಲ್ಕು ಸಲ ಪಟ್ಟಿ ಬಿಚ್ಚಿ ತೋರಿಸಿದ್ದೇನೆ, ಅಷ್ಟೇ. ಶನಿವಾರ ಬಾಲ್ಸಮ್ ಬೇ ಟೀಮಿನ ಜೊತೆ ಪಂದ್ಯ. ಅವರಲ್ಲಿ ಕ್ರೂಗರ್ ಅಂತ ಒಬ್ಬ ಇದ್ದಾನೆ, ಬಾಗಿಲಿಗಿಂತ ಎತ್ತರ, ಬುದ್ಧಿಯಲ್ಲೂ ಬಾಗಿಲೇ. ಅವನಿಗೆ ನಮ್ಮಲ್ಲಿ ಬೇರೆ ಆಳಿದ್ದಾರೆ.

ಸ್ಟಾನ್


ಡುಲೂತ್, ಆಸ್ಪತ್ರೆ
ನವೆಂಬರ್ 19

ಡಾರ್ಲೀನ್,

ನೀನು ಕೋಣೆಯ ಒಳಗೆ, ನಾನು ಹೊರಗೆ ಬೆಂಚಿನ ಮೇಲೆ. ಒಳಗೆ ಬಿಡಬೇಡಿ ಎಂದು ಹೇಳಿದ್ದೀಯಂತೆ. ನರ್ಸ್ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಏನಾಯಿತು ಎಂದು ನೀನು ಕೇಳಿದ್ದೆ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎರಡನೆಯ ಅವಧಿ. ಕ್ರೂಗರ್ ಬೆಂಚಿನ ಮುಂದೆ ಹಾದುಹೋಗುವಾಗ ವೆಸ್‌ಗೆ ಏನೋ ಅಂದ. ವೆಸ್ ತಿರುಗಿ, "ಈಗ ಬರ್ತೀನಿ, ನಿನ್ನ ಕೊಂದೇಬಿಡ್ತೀನಿ" ಎಂದ. ಮುಂದಿನ ಸರದಿಯಲ್ಲಿ ಅವನಾಗಿಯೇ ಐಸ್‌ಗೆ ಇಳಿದು ನೇರ ಅವನ ಹತ್ತಿರ ಹೋದ. ಇಬ್ಬರೂ ಗವಸು ಬಿಸಾಡಿದರು. ವೆಸ್ ಪಟ್ಟಿ ಬಿಚ್ಚಿ ಹೆಲ್ಮೆಟ್ಟನ್ನು ಹಾಲಿನ ಲೋಟ ಇಡುವ ಹಾಗೆ ಕೆಳಗಿಟ್ಟ. ಆ ಹುಡುಗನೂ ಬಿಚ್ಚಿದ. ವೆಸ್ ಚೆನ್ನಾಗಿ ಹೊಡೆದಾಡಿದ. ಅವನ ಎರಡು ಏಟು ಸರಿಯಾಗಿ ಬಿದ್ದವು. ಆಮೇಲೆ ಒಂದು ಅವನ ದವಡೆಗೆ ಬಿತ್ತು, ಸ್ಕೇಟು ಜಾರಿತು, ತಲೆಯ ಹಿಂಭಾಗ ಐಸ್‌ಗೆ ಬಡಿಯಿತು. ಸಾವಿರದ ಇನ್ನೂರು ಜನ ಕೂಗುತ್ತಿದ್ದರು, ಆ ಸದ್ದು ನನಗೆ ಕೇಳಿಸಿತು. ಕಿವಿಯಿಂದ ರಕ್ತ. ಕಾಲು ತನ್ನಷ್ಟಕ್ಕೆ ಐಸ್ ಒದೆಯುತ್ತಿತ್ತು. ಕ್ರೂಗರ್ ಮೊಣಕಾಲೂರಿ, "ಡಾಕ್ಟ್ರನ್ನ ಕರೀರಿ, ಯಾರಾದ್ರೂ ಕರೀರಿ" ಎಂದು ಅಳುತ್ತಿದ್ದ. ಮೇಲಿನ ಸಾಲಿನವರು ಇನ್ನೂ ಚಪ್ಪಾಳೆ ತಟ್ಟುತ್ತಲೇ ಇದ್ದರು.

ಒಮ್ಮೆ ನೋಡಲು ಬಿಡು.

ಸ್ಟಾನ್


ಬಾಲ್ಟಿಮೋರ್, ಆಸ್ಪತ್ರೆ
ಡಿಸೆಂಬರ್ 6

ಸ್ಟಾನ್,

ವಿಮಾನದಲ್ಲಿ ಇಲ್ಲಿಗೆ ತಂದಿದ್ದೇವೆ. ತಲೆಬುರುಡೆಯ ಒಂದು ಭಾಗ ತೆಗೆದು ಬೇರೆ ಕಡೆ ಇಟ್ಟಿದ್ದಾರೆ, ಮಿದುಳಿನ ಬಾವು ಇಳಿದ ಮೇಲೆ ಮತ್ತೆ ಕೂರಿಸುತ್ತಾರಂತೆ. ನಿನ್ನೆ ಅವನು ನನ್ನ ಬೆರಳು ಹಿಂಡಿದ. ಬದುಕುತ್ತಾನೆ ಎನ್ನುತ್ತಾರೆ. ಎಷ್ಟು ಎಂದು ಹೇಳುತ್ತಿಲ್ಲ.

ನಿಮ್ಮ ಗೋಲ್‌ಕೀಪರ್ ಹುಡುಗ ನೋಡಲು ಬಂದಿದ್ದ. ಎರಡು ದಿನ ಬಸ್ಸಿನಲ್ಲಿ ಕೂತು ಬಂದಿದ್ದಾನೆ. ನಾನು ಅವನಿಗೆ, "ನಿಮ್ಮ ಪ್ರೆಸಿಡೆಂಟ್ ಮಲಗಿದ್ದಾನಪ್ಪ" ಎಂದೆ. ಅವನ ಮುಖ ಬಿಳಿಚಿಕೊಂಡಿತು. "ಆಂಟಿ, ಹಾಗನ್ಬೇಡಿ ಪ್ಲೀಸ್. ಅದು ಬೈಗುಳ" ಎಂದ. ಬರೀ ಬಾಯಲ್ಲಿ ಹೊಡೆಯುವವನು ಎಂದರ್ಥವಂತೆ. ಇಟ್ಟವರು ಕೋಚ್ ಅಂತೆ. ಎರಡು ತಿಂಗಳು ಆ ಹೆಸರಿನ ಖುಷಿಯಲ್ಲಿ ನಾನು ಆಫೀಸಿನವರಿಗೆಲ್ಲ ಹೇಳಿಕೊಂಡು ತಿರುಗಿದ್ದೇನೆ, ನೀನು ಸುಮ್ಮನಿದ್ದೆ.

ಈಗ ನನ್ನದೂ ಹೇಳಿಬಿಡುತ್ತೇನೆ. ಆ ಸಾಲು ನನ್ನದು. ಕೋಣೆಯಲ್ಲಿ ಏಳು ಜನ, ಯಾರೂ ಜನ್ಮದಲ್ಲಿ ಹೊಡೆದಾಡಿದವರಲ್ಲ. "ನಿಮ್ಮಣ್ಣ ಹಾಕಿ ಆಡ್ತಿದ್ದರಂತಲ್ಲ, ಅವರು ಏನಂತಾರೆ?" ಎಂದು ನನ್ನನ್ನು ಕೇಳಿದರು. ಹತ್ತು ವರ್ಷದವಳಿದ್ದಾಗ ನಿನ್ನ ಪಂದ್ಯ ನೋಡುತ್ತಾ ಉಗುರು ಕಡಿದು ಕೂತದ್ದು ನೆನಪಾಯಿತು. ಬರೆದುಕೊಟ್ಟೆ. ಅಧ್ಯಕ್ಷರು ಓದಿ, "ವಾಹ್" ಎಂದರು. ನನಗೂ ವಾಹ್ ಅನ್ನಿಸಿತ್ತು. ಆ ಬಟ್ಟೆಯ ಮೇಲೆ ಅದನ್ನು ಓದುವ ತನಕ.

ಅದಕ್ಕೇ ನಿನ್ನ ಹತ್ತಿರ ಒಂದೇ ಪ್ರಶ್ನೆ ಕೇಳುವ ಅಧಿಕಾರ ನನಗಿದೆ. ಹಾಕಿ ಬೆಂಚಿನಲ್ಲಿ ಯಾರೂ ಅವರಾಗಿಯೇ ಇಳಿಯುವುದಿಲ್ಲ. ಕೋಚ್ ಹಿಂದಿನಿಂದ ಹೆಗಲು ತಟ್ಟಬೇಕು. ನೀನು ತಟ್ಟಿದೆಯಾ?

ಡಾರ್ಲೀನ್


ಕಿರ್ಬಿ ಫಾಲ್ಸ್
ಡಿಸೆಂಬರ್ 14

ಡಾರ್ಲೀನ್,

ತಟ್ಟಿದೆ.

ವೆಸ್ ಕ್ರೂಗರ್‌ಗೆ ಕೂಗಿದ ಕೂಡಲೇ ಬೆಂಚಿನಲ್ಲಿ ಇದ್ದವರೆಲ್ಲ ನನ್ನ ಕಡೆ ತಿರುಗಿದರು, ಏನಾದರೂ ಜೋಕು ಬರುತ್ತದೆಂದು. ನಾನು ಅವರ ಆಸೆ ಕೆಡಿಸಲಿಲ್ಲ. "ಏನ್ರೀ ಪ್ರೆಸಿಡೆಂಟ್ರೇ, ಭಾಷಣ ಮುಗೀತಾ, ಇನ್ನೂ ಇದೆಯಾ?" ಎಂದೆ. ಎಲ್ಲ ನಕ್ಕರು. ವೆಸ್ ಕೂಡ ನಕ್ಕ, ಕಿವಿ ಮಾತ್ರ ಕೆಂಪಾಗಿತ್ತು. ನಾನು ಹೆಗಲು ತಟ್ಟಿದೆ. ಅವನು ಹೋದ. ಗೋಡೆಯ ಬಾಗಿಲು ದಾಟುವಾಗ ಒಂದು ಸಲ ಹಿಂತಿರುಗಿ ನೋಡಿದ. ಕರೆಯುವುದಕ್ಕೆ ಸಮಯವಿತ್ತು. ನಾಲ್ಕು ಸೆಕೆಂಡು ಇತ್ತು. ಇನ್ನೂರ ಹದಿನಾಲ್ಕು ಹೊಡೆದಾಟ ಮಾಡಿದವನಿಗೆ ನಾಲ್ಕು ಸೆಕೆಂಡು ಎಷ್ಟು ಉದ್ದ ಎಂದು ಗೊತ್ತು.

ಅವನಿಗೆ ಹೆಲ್ಮೆಟ್ ಬಿಚ್ಚಲು ಹೇಳಿದ್ದು ನಾನಲ್ಲ ಎಂದು ಮೂರು ವಾರ ನನಗೇ ಹೇಳಿಕೊಂಡೆ. ಯಾಕೆ, ಪತ್ರಿಕೆಯಲ್ಲಿ ದಪ್ಪ ಅಕ್ಷರದಲ್ಲಿ ಹೇಳಿದ್ದೆನಲ್ಲ. ನನ್ನ ತಲೆಬರಹ ಅವನ ಹಣೆಬರಹವಾಯಿತು. ನೋಡು, ಈಗಲೂ ಬೆರಳು ಇಂಥದ್ದನ್ನೇ ಹುಡುಕುತ್ತದೆ. ಆ ಸಾಲನ್ನು ಹೊಡೆದುಹಾಕೋಣ ಎಂದುಕೊಂಡೆ, ಇರಲಿ, ನೀನೂ ನೋಡು.

ಸಂಪಾದಕ ಅಂಕಣ ಕೇಳಿದ. ಕೊನೆಯದನ್ನು ಕೊಟ್ಟು ಬಂದೆ. ಅಧ್ಯಕ್ಷರ ಬಗ್ಗೆ ಬರೆದದ್ದರಲ್ಲಿ ಒಂದಕ್ಷರವನ್ನೂ ವಾಪಸು ತೆಗೆದುಕೊಂಡಿಲ್ಲ. ತಾನು ಏಟು ತಿನ್ನದ ಕಡೆ ನಿಂತು ಗಡಸು ಮಾತಾಡುವವನು ಬೇರೆಯವರ ತಲೆಯನ್ನು ಪಣಕ್ಕಿಡುತ್ತಾನೆ ಎಂದಿದ್ದೆ. ಅದು ನಿಜ. ಅಧ್ಯಕ್ಷರ ಹೆಸರಿನ ಪಕ್ಕದಲ್ಲಿ ನನ್ನ ಹೆಸರು, ನಮ್ಮ ಬೆಂಚು, ಆ ಹೆಗಲು, ಎಲ್ಲ ಬರೆದೆ. ಊರಿನಲ್ಲಿ ಅರ್ಧ ಜನ ಮಾತು ಬಿಟ್ಟಿದ್ದಾರೆ. ಇನ್ನರ್ಧ ಜನ, "ಹೋಗ್ಲಿ ಬಿಡೋ ಸ್ಟಾನ್, ಆಟ ಅಂದ್ಮೇಲೆ ಇದ್ದಿದ್ದೇ" ಎನ್ನುತ್ತಾರೆ. ಕಳೆದ ವಾರ ಹಾಗಂದ ಒಬ್ಬನ ಮೂಗಿಗೆ ಗುದ್ದಿದೆ, ಬಾರಿನ ಮುಂದೆ, ಹಗಲು ಹೊತ್ತಿನಲ್ಲಿ. ಮೂಳೆ ಮುರಿಯಿತು. ಮನಸ್ಸಿಗೆ ಸಮಾಧಾನವೇನೂ ಆಗಲಿಲ್ಲ. ಟೀಮನ್ನು ಬಿಟ್ಟಿದ್ದೇನೆ.

ಸ್ಟಾನ್


ಬಾಲ್ಟಿಮೋರ್
ಜನವರಿ 11

ಸ್ಟಾನ್,

ಕ್ಷಮಿಸಿದ್ದೇನೆ ಎಂದು ಇದನ್ನು ಓದಿಕೊಳ್ಳಬೇಡ.

ಬುರುಡೆ ಕೂರಿಸಿದ್ದಾರೆ. ವೆಸ್ ಗೋಡೆ ಹಿಡಿದು ಎಂಟು ಹೆಜ್ಜೆ ನಡೆಯುತ್ತಾನೆ. ಬಲಗೈ ಏಳುವುದಿಲ್ಲ. ಚಮಚಕ್ಕೆ ಬಾಚಣಿಗೆ ಎನ್ನುತ್ತಾನೆ, ಬಾಚಣಿಗೆಗೆ ಏನೂ ಅನ್ನುವುದಿಲ್ಲ. ಪಂದ್ಯದ ದಿನದ ನೆನಪು ಪೂರ್ತಿ ಅಳಿಸಿಹೋಗಿದೆ. ಯಾರೊಂದಿಗೋ ಹೊಡೆದಾಡಿದೆ ಎಂದಷ್ಟು ಗೊತ್ತು.

ಕಳೆದ ವಾರ ಅಧ್ಯಕ್ಷರೇ ಫೋನ್ ಮಾಡಿದರು. ಒಳ್ಳೆಯ ಮನುಷ್ಯ. ಆದರೂ ನೀನು ಹೇಳಿದ ಅದೇ ಬಾಡಿಗೆ ಅಂಗಿ ತೊಟ್ಟು ವೆಸ್‌ಗೆ, "ನೀನು ಫೈಟರ್ ಕಣಯ್ಯಾ, ಗೆದ್ದೇ ಗೆಲ್ತೀಯ" ಎಂದರು. ನನ್ನ ಹಳೆಯ ಕೋಣೆಯಲ್ಲಿ ಬೇರೆ ಯಾರೋ ಬರೆದುಕೊಟ್ಟಿರಬೇಕು. ನಾನು ಕೆಲಸ ಬಿಟ್ಟೆ. ಬಂದರಿನ ಊರು ಈಗ ಸುದ್ದಿಯಲ್ಲಿಲ್ಲ. ಶೆಲ್ ನಿಂತಿದೆಯಂತೆ, ಬೀಳುವುದಕ್ಕೆ ಇನ್ನು ಅಲ್ಲಿ ಏನೂ ಉಳಿದಿಲ್ಲವಂತೆ.

ಆ ಫೋನ್ ಆದಾಗಿನಿಂದ ವೆಸ್ ಪ್ರತಿ ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ, "ಗೆದ್ನಾ?" ಎಂದು ಕೇಳುತ್ತಾನೆ. ನರ್ಸುಗಳು, "ಓ, ನೀನೇ ಗೆದ್ದಿದ್ದು, ಅವನು ಎದ್ದೇ ಇಲ್ಲ" ಎನ್ನುತ್ತಾರೆ. ಅವನು ನಗುತ್ತಾನೆ. ಮೊನ್ನೆ ಎಡಗೈ ಮುಷ್ಟಿ ಮಾಡಿ, "ಹಾಗಾದ್ರೆ ಇನ್ನೊಂದ್ಸಲ ಹೋಗ್ಬಹುದು" ಎಂದ. ಆ ಮುಷ್ಟಿಯನ್ನು ಬಿಡಿಸಲು ನನಗೆ ಹತ್ತು ನಿಮಿಷ ಹಿಡಿಯಿತು.

ಪಂದ್ಯದ ದಿನ ನಾನು ಅಲ್ಲಿರಲಿಲ್ಲ. ನೀನಿದ್ದೆ. ನಿಜವಾಗಿ ಏನಾಯಿತೋ ಅದನ್ನು ಅವನ ಮುಖ ನೋಡಿ ಹೇಳುವ ಧೈರ್ಯವಿದ್ದರೆ ಬಾ. ಬರೆಯಬೇಡ.

ಡಾ.


ಕಿರ್ಬಿ ಫಾಲ್ಸ್
ಜನವರಿ 16

ಡಾರ್ಲೀನ್,

ಬರೆಯಬೇಡ ಎಂದಿದ್ದೀಯ. ಇದೊಂದನ್ನು ಮಾತ್ರ ನಿನಗೆ ಮೊದಲೇ ತಿಳಿಸಬೇಕು, ಅವನ ಮುಂದೆ ಮೊದಲ ಸಲ ಕೇಳಿ ನೀನು ಕುಸಿಯಬಾರದು.

ವೆಸ್ ಎರಡು ಏಟು ಹೊಡೆದ ಎಂದು ಡುಲೂತ್‌ನಲ್ಲಿ ಬರೆದಿದ್ದೆನಲ್ಲ, ಅದು ಸುಳ್ಳು. ಅವನು ಹೊಡೆಯಲೇ ಇಲ್ಲ. ಬಗ್ಗಿ ಹೆಲ್ಮೆಟ್ ಕೆಳಗಿಟ್ಟು, ಅದು ಜಾರಿ ಹೋಗದ ಹಾಗೆ ಒಂದು ಸಲ ಒತ್ತಿ ನೋಡಿ, ಎದ್ದ. ಎದ್ದವನು ನನ್ನ ಕಡೆ ನೋಡಿದ, ಸರಿಯಾಗಿ ಮಾಡಿದೆನಾ ಎಂದು ಕೇಳುವವನ ಹಾಗೆ. ಅವನ ಎರಡೂ ಕೈ ತೊಡೆಯ ಪಕ್ಕದಲ್ಲೇ ಇದ್ದವು. ಆಗ ಕ್ರೂಗರ್‌ನ ಏಟು ಬಿತ್ತು. ಸಿದ್ಧನಾಗಿದ್ದಾನೆ ಎಂದುಕೊಂಡ ಆ ಹುಡುಗನದ್ದೇನೂ ತಪ್ಪಿಲ್ಲ. ಹೊಡೆದಾಡಿ ಬಿದ್ದ ಎಂದರೆ ನಿನಗೆ ಸ್ವಲ್ಪ ಹೆಮ್ಮೆಯಾದರೂ ಉಳಿಯಲಿ ಎಂದು ಹಾಗೆ ಬರೆದೆ. ನಿನಗಲ್ಲ, ನನಗೇ ಬೇಕಿತ್ತು.

ಗುರುವಾರ ಮಧ್ಯಾಹ್ನ ತಲುಪುತ್ತೇನೆ, ಶುಕ್ರವಾರ ಬೆಳಿಗ್ಗೆ ಅವನು ಏಳುವ ಮೊದಲೇ ಹಾಸಿಗೆಯ ಪಕ್ಕದಲ್ಲಿರುತ್ತೇನೆ. 'ಗೆದ್ನಾ?' ಎಂದು ಕೇಳಿದರೆ, "ಇಲ್ಲ ಮಗಾ. ನೀನು ಯಾರಿಗೂ ಹೊಡೀಲಿಲ್ಲ. ನಿನಗೆ ಹೋಗೋ ಮನಸ್ಸೂ ಇರಲಿಲ್ಲ. ಕಳಿಸಿದ್ದು ನಾನು" ಎನ್ನುತ್ತೇನೆ. ಅರ್ಥವಾಗದಿದ್ದರೆ ಮರುದಿನ ಮತ್ತೆ ಹೇಳುತ್ತೇನೆ, ಅರ್ಥವಾಗುವ ತನಕ ಅಲ್ಲೇ ಇರುತ್ತೇನೆ.

ಅರ್ಥವಾದ ದಿನ ಅವನು ಆ ಎಡಗೈಯನ್ನು ಮುಷ್ಟಿ ಮಾಡಬಹುದು. ಆವತ್ತು ಮಾತ್ರ ನೀನು ಬಿಡಿಸಲು ಬರಬೇಡ.

ಸ್ಟಾನ್